ಸ್ಟೇಟ್‌ಬ್ಯಾಂಕಿನಿಂದ ಒಂದೇ ಉಸಿರಲ್ಲಿ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಸರ್ವಿಸ್ ಬಸ್ಸಿಗೆ ಸಿಗುವುದು ಕೆಲವೇ ನಿಮಿಷ. ಹಿಂದೆ ಇನ್ನೊಂದು ಬಸ್ಸು ಬಂದು ನಿಂತಿರುತ್ತದೆ. ಟೈಂ ಕೀಪರ್ ಗಡಿಯಾರ ನೋಡುತ್ತಿರುತ್ತಾರೆ. ಅಷ್ಟರೊಳಗೆ ಸೀಟು ತುಂಬಬೇಕು. ಬಸ್ಸಿನಲ್ಲಿ ಕೆಲಸಕ್ಕಿದ್ದ ಅಪ್ಪ ಫುಟ್‌ಬೋರ್ಡಿನಲ್ಲಿ ನಿಂತು ಒಂದೇ ಉಸಿರಿಗೆ ಊರುಗಳ ಹೆಸರು ಕೂಗುತ್ತಿದ್ದರು. ಕೊಟ್ಟಾರ, ಕೂಳೂರು, ಪಣಂಬೂರು, ಬೈಕಂಪಾಡಿ, ಕುಳಾಯಿ, ಹೊನ್ನಕಟ್ಟೆ, ಹೊಸಬೆಟ್ಟು, ಸುರತ್ಕಲ್, ಮುಕ್ಕ, ಹಳೆಯಂಗಡಿ, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಉಡುಪಿ. ಕೆಲವು ಹೆಸರನ್ನು ಉದ್ದಕ್ಕೆ ಎಳೆಯುತ್ತಿದ್ದರು, ಕೆಲವನ್ನು ಅರ್ಧ ನುಂಗುತ್ತಿದ್ದರು. ಮೂಲ್ಕಿ ಬರುವಾಗ ದನಿ ಸ್ವಲ್ಪ ಏರುತ್ತಿತ್ತು. ಶಾಲೆಗೆ ರಜೆ ಇದ್ದ ದಿನ ನಾನು ಬಾನೆಟ್ ಪಕ್ಕ ಕೂತು ಅವರ ಜೊತೆ ತುಟಿ ಆಡಿಸುತ್ತಿದ್ದೆ. 2006, 2007ರ ಮಾತು. ನನಗೆ ಆಗ ಎಂಟೋ ಒಂಬತ್ತೋ ವರ್ಷ.

ಒಮ್ಮೆ ಕೇಳಿದ್ದೆ, "ಅಪ್ಪ, ನೀವು ನಡುವಲ್ಲಿ ಉಸಿರು ಯಾಕೆ ತೆಗೆಯುವುದಿಲ್ಲ?"

"ಉಸಿರು ತೆಗೆದ್ರೆ ಆ ಗ್ಯಾಪಲ್ಲಿ ಪ್ಯಾಸೆಂಜರ್ ಹಿಂದಿನ ಬಸ್ಸಿಗೆ ಹತ್ತಿರ್ತಾನೆ ಮಗ," ಅಂದಿದ್ದರು.

ಈಗ ನಾನು ರ‍್ಯಾಪ್ ಹಾಡಲು ಸ್ಟೇಜಿನಲ್ಲಿ ಮೈಕ್ ಹಿಡಿಯುವಾಗ ಆ ಮಾತು ನೆನಪಾಗುತ್ತದೆ. ಕೇಳುವವರನ್ನು ಬಿಟ್ಟುಕೊಡಬಾರದು. ಆದರೆ ಅಪ್ಪನ ಆ ಕೂಗಿಗೂ ನನ್ನ ಹಾಡಿಗೂ ಸಂಬಂಧ ಉಂಟು ಅಂತ ಅರ್ಥ ಆಗಲು ನನಗೆ ಹದಿಮೂರು ವರ್ಷ ಬೇಕಾಯಿತು.

ನಮ್ಮ ಮನೆ ಹಳೆಯಂಗಡಿಯ ಒಳಗೆ. ಹಂಚಿನ ಮನೆ. ಮಾತು ತುಳು, ಓದು ಕನ್ನಡ. ಅಮ್ಮ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ (ಮೊರ), ಪಕ್ಕದಲ್ಲಿ ರೇಡಿಯೊ. ಎಲೆ ಕತ್ತರಿಸುವ ಕತ್ತರಿಯ ಸದ್ದು ಇಡೀ ಮಧ್ಯಾಹ್ನ ಒಂದೇ ಲಯದಲ್ಲಿ ಕೇಳುತ್ತಿತ್ತು. ಮಳೆಗಾಲದಲ್ಲಿ ಸೋದರಮಾವ ನನ್ನನ್ನು ತಾಳಮದ್ದಳೆಗೆ ಕರೆದುಕೊಂಡು ಹೋಗುತ್ತಿದ್ದರು. ಮೇ ಕೊನೆಗೆ ಬರುವ ಪತ್ತನಾಜೆ ದಿನ ಕಳೆದ ಮೇಲೆ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸುತ್ತವೆ ಅಲ್ವಾ, ಆಮೇಲೆ ತಾಳಮದ್ದಳೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಕೂತಲ್ಲಿಂದಲೇ ಅದಕ್ಕೆ ಅರ್ಥ ಹೇಳುತ್ತಾ ವಾದಕ್ಕೆ ಇಳಿಯುತ್ತಾರೆ. ಬರೆದು ತಂದದ್ದು ಏನೂ ಇರುವುದಿಲ್ಲ. ಕೃಷ್ಣ ಒಂದು ಮಾತು ಎಸೆದರೆ ಕರ್ಣ ಅಲ್ಲೇ ಉತ್ತರ ಕೊಡಬೇಕು.

ಮಾವ ಹವ್ಯಾಸಿ ಅರ್ಥಧಾರಿ. ಅವರು ಹೇಳಿಕೊಟ್ಟ ಒಂದು ವಿಷಯ ಇವತ್ತಿಗೂ ನನ್ನ ಕೈ ಹಿಡಿಯುತ್ತದೆ. "ಎದುರಿನವನ ಕೊನೆಯ ಮಾತನ್ನು ಹಿಡ್ಕೊ. ಅಲ್ಲಿಂದಲೇ ನಿನ್ನ ಮಾತು ಏಳಬೇಕು. ಆಗ ಅವನ ಬಾಣವೇ ನಿನ್ನದಾಗ್ತದೆ."

ಇಷ್ಟೆಲ್ಲ ಮನೆಯಲ್ಲೇ ಇತ್ತು. ಆದರೂ ಹೈಸ್ಕೂಲು ಮುಗಿಸಿ ಮಂಗಳೂರಿನ ಕಾಲೇಜಿಗೆ ಸೇರಿದಾಗ ನಾನು ಅದನ್ನೆಲ್ಲ ಬಿಟ್ಟೇ ಹೋದೆ. ಕ್ಲಾಸಿನ ಹುಡುಗರು ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ಇಟ್ಟರು. ಅಮೆರಿಕದ ರ‍್ಯಾಪ್. ಮಾತು ಅರ್ಥ ಆಗಲಿಲ್ಲ, ಆದರೆ ಮೈ ಜುಮ್ಮೆಂದಿತು. ಆ ಸಂಜೆಯಿಂದ ನಾನು ಅವರ ಹಾಗೆಯೇ ಮಾತಾಡಲು ಕಲಿತೆ. ಮೊದಲ ಎರಡು ವರ್ಷ ಇಂಗ್ಲಿಷಿನಲ್ಲಿ ಬರೆದೆ. ನಾನು ನೋಡದ ಬೀದಿಗಳ ಬಗ್ಗೆ, ನನಗೆ ಇಲ್ಲದ ಸಿಟ್ಟಿನ ಬಗ್ಗೆ ಬರೆದೆ. 2019ರ ಫೆಬ್ರವರಿಯಲ್ಲಿ ಮುಂಬೈ ರ‍್ಯಾಪರ್ ಕತೆಯ ಹಿಂದಿ ಸಿನಿಮಾ ಬಂದ ಮೇಲೆ ಹಿಂದಿಗೆ ಹೊರಳಿದೆ. ನೋಟ್‌ಬುಕ್ ತುಂಬುತ್ತಿತ್ತು. ಆದರೆ ಓದಿದರೆ ಬರೆದವನು ಯಾವ ಊರಿನವನು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆ ಸಮಯದಲ್ಲಿ ನಾವು ಏಳೆಂಟು ಹುಡುಗರು ಭಾನುವಾರ ಸಂಜೆ ಪಣಂಬೂರು ಬೀಚಿನಲ್ಲಿ ಸೈಫರ್ ಮಾಡುತ್ತಿದ್ದೆವು. ವೃತ್ತವಾಗಿ ನಿಲ್ಲುವುದು, ಒಬ್ಬ ಬಾಯಲ್ಲೇ ಬೀಟ್ ಹಾಕುವುದು, ಸರದಿ ಪ್ರಕಾರ ಒಬ್ಬೊಬ್ಬರೇ ಅಲ್ಲೇ ಕಟ್ಟಿ ಹೇಳುವುದು. ಒಂದು ದಿನ ಉಳ್ಳಾಲದ ಹುಡುಗನೊಬ್ಬ ಬ್ಯಾರಿ ಭಾಷೆಯಲ್ಲಿ ನನ್ನ ಶರ್ಟಿನ ಮೇಲೆ ನಾಲ್ಕು ಸಾಲು ಎಸೆದ. ಎಲ್ಲರೂ ಕೂಗಿದರು. ನನ್ನ ಹತ್ತಿರ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದು ಬೇಕಾದಷ್ಟಿತ್ತು, ಅವನಿಗೆ ಕೊಡಲು ಉತ್ತರ ಒಂದೂ ಇರಲಿಲ್ಲ. ತಡವರಿಸಿದೆ. ಆಮೇಲೆ ತನ್ನಷ್ಟಕ್ಕೆ ತುಳು ಬಂತು. ಅವನ ಕೊನೆಯ ಮಾತು ಹಿಡಿದುಕೊಂಡೇ ಎದ್ದಿದ್ದೆ, ಮಾವ ಹೇಳಿದ ಹಾಗೆ. ಆರು ಸಾಲು ಹೇಳಿ ಮುಗಿಸುವಾಗ ಅವನೇ ಬಂದು ತಬ್ಬಿಕೊಂಡ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಕಣ್ಣು ತೇವ ಆಗಿತ್ತು. ಯಾಕೆ ಅಂತ ಆಗ ಹೇಳಲು ಗೊತ್ತಿರಲಿಲ್ಲ.

ಹಿಪ್‌ಹಾಪ್ ಶುರುವಾದ ಬಗೆಯನ್ನೂ ಆ ವಾರವೇ ಹುಡುಕಿ ಓದಿದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ಹುಡುಗಿಯೊಬ್ಬಳು ಪಾರ್ಟಿ ಇಟ್ಟಿದ್ದಳು. ಅವಳ ಅಣ್ಣ ಡಿಜೆ ಕೂಲ್ ಹರ್ಕ್ ಅಲ್ಲಿ ಎರಡು ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡು, ಹಾಡಿನಲ್ಲಿ ಬರೀ ವಾದ್ಯ ಬರುವ ಭಾಗವನ್ನು ಮತ್ತೆ ಮತ್ತೆ ಹಾಕಿ ಜನರನ್ನು ಕುಣಿಸಿದ. ಮನೆಯ ಕಾರ್ಯಕ್ರಮ, ಅಕ್ಕಪಕ್ಕದ ಜನ, ಅಣ್ಣನ ಸೌಂಡ್ ಸೆಟ್. ನಮ್ಮ ವಠಾರದ ಮೆಹೆಂದಿ ರಾತ್ರಿಯ ಹಾಗೆಯೇ ಇದೆಯಲ್ಲ ಅನಿಸಿತು. ಅವರು ತಮ್ಮ ಬೀದಿಯಲ್ಲಿ ಇದ್ದದ್ದನ್ನು ತೆಗೆದುಕೊಂಡರು. ನಾನು ನನ್ನ ಬೀದಿ ಬಿಟ್ಟು ಅವರ ಬೀದಿಯಲ್ಲಿ ಏನು ಹುಡುಕುತ್ತಿದ್ದೆ?

ಕನ್ನಡದಲ್ಲಿ ಬರೆಯಲು ಕೂತೆ. ಆಗ ಬೇರೆಯೇ ಒಂದು ಕಷ್ಟ ಎದುರಾಯಿತು.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸಾಲಿನ ತುದಿಯಲ್ಲಿ ಪ್ರಾಸ ಇಡಲು ಹೋದರೆ ಎಲ್ಲ ಸಾಲೂ ಬಂದೆ, ನಿಂದೆ, ಅಂದೆ, ತಂದೆ ಅಂತಲೇ ಮುಗಿಯುತ್ತದೆ. ಇಲ್ಲಾಂದ್ರೆ ಇದೆ, ಆಗಿದೆ, ಹೋಗಿದೆ. ಸುಲಭವಾಗಿ ಸಿಗುತ್ತದೆ, ಅದಕ್ಕೇ ಕಿವಿಗೆ ಬೇಗ ಸಾಕಾಗುತ್ತದೆ. ನಾಲ್ಕನೇ ಸಾಲಿಗೆ ಬರುವಾಗ ಮುಂದೆ ಏನು ಬರುತ್ತದೆ ಅಂತ ಕೇಳುವವನಿಗೆ ಮೊದಲೇ ಗೊತ್ತಿರುತ್ತದೆ. ನಾನು ತಿಂಗಳುಗಟ್ಟಲೆ ಇದರಲ್ಲಿ ಒದ್ದಾಡಿದೆ.

ಉತ್ತರ ಸಿಕ್ಕಿದ್ದು ಲಾಕ್‌ಡೌನಿನಲ್ಲಿ. 2020ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ಕ್ಕೆ ಶುರುವಾಯಿತು. ಅಕ್ಕನ ಮಗಳು ಪರೀಕ್ಷೆ ಬರೆಯುವವಳಿದ್ದಳು. ಬಸ್ಸು ಇಲ್ಲ, ಅಪ್ಪನಿಗೆ ಕೆಲಸ ಇಲ್ಲ, ನಾನು ಮನೆಯಲ್ಲೇ. ಅವಳಿಗೆ ಛಂದಸ್ಸು ಹೇಳಿಕೊಡಲು ಕೂತೆ. ಪ್ರಸ್ತಾರ ಹಾಕು, ಗಣ ವಿಂಗಡಿಸು, ಛಂದಸ್ಸಿನ ಹೆಸರು ಬರೆ. ನಾವೆಲ್ಲ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೇ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ ಮೂರು, ನಾಲ್ಕು, ಮೂರು, ನಾಲ್ಕರ ಗಣ. ಒಟ್ಟು 14 ಮಾತ್ರೆ.

ಪೆನ್ಸಿಲ್ ಕೈಯಲ್ಲೇ ನಿಂತಿತು. ರ‍್ಯಾಪಿನ ತಾಳದ ಒಂದು ಸುತ್ತಿಗೆ ಬಾರ್ ಅನ್ನುತ್ತಾರೆ. ಒಂದು ಬಾರ್ ಅಂದರೆ ನಾಲ್ಕು ಪೆಟ್ಟು. ಪೆಟ್ಟಿಗೆ ನಾಲ್ಕರಂತೆ ಸೀಳಿದರೆ 16 ಭಾಗ. ಒಂದು ಭಾಗವನ್ನು ಒಂದು ಮಾತ್ರೆ ಅಂತ ಹಿಡಿದರೆ ಭಾಮಿನಿಯ ಸಾಲು 14 ತುಂಬಿ, ಎರಡು ಮಾತ್ರೆ ಖಾಲಿ ಬಿಡುತ್ತದೆ. ಏಳು ಮಾತ್ರೆ ಹೇಳಿ ಒಂದು ನಿಲ್ಲಿಸು, ಮತ್ತೆ ಏಳು ಹೇಳಿ ಒಂದು ನಿಲ್ಲಿಸು. ಬಾರ್ ಸರಿಯಾಗಿ ಮುಚ್ಚುತ್ತದೆ. ಆ ಖಾಲಿ ಜಾಗ ಉಸಿರಿಗೆ! ಮೂರನೇ ಮತ್ತು ಆರನೇ ಸಾಲಿಗೆ 23 ಮಾತ್ರೆ, ಅದು ಬಾರಿನೊಳಗೆ ಕೂರುವುದಿಲ್ಲ, ಅದನ್ನು ನಾನು ಬಿಟ್ಟೆ.

ಇನ್ನೊಂದು ವಿಷಯ ಆ ಪಾಠದಲ್ಲೇ ಇತ್ತು. ಆದಿಪ್ರಾಸ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ತುದಿಯಲ್ಲಿ ಇರುವುದಲ್ಲ, ತಲೆಯಲ್ಲಿ ಇರುತ್ತದೆ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಕ್ರಿಯಾಪದ ಹಿಂದೆ ಎಲ್ಲಾದರೂ ಇರಲಿ, ಪೆಟ್ಟು ಮುಂದೆಯೇ ಬೀಳುತ್ತದೆ. ಹೊರಗೆ ಹಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲೇ ಬರೆದೆ:

ಮಳೆಯ ಹಂಚಿನ ಕೆಳಗೆ ಕೂತರೆ
ಗೆಳೆಯ ನನ್ನದೆ ದನಿಯು ಕೇಳದು
ಹಳೆಯ ಬಸ್ಸಿನ ಸೀಟಿ ಊದಿದೆ
ಬೆಳೆದ ಊರಿನ ಹೆಸರ ಕೂಗಿದೆ

ಮೊಬೈಲಿನಲ್ಲಿ 90 ಬಿಪಿಎಂನ, ಅಂದರೆ ನಿಮಿಷಕ್ಕೆ 90 ಪೆಟ್ಟಿನ ಒಂದು ಬೀಟ್ ಹಾಕಿ ಹೇಳಿ ನೋಡಿದೆ. ಕೂತಿತು. ಹಂಚು, ಬಸ್ಸು, ಊರು, ಎಲ್ಲವೂ ನನ್ನವೇ. ಅಕ್ಕನ ಮಗಳು ಮತ್ತೆ ಹೇಳಿ ಮಾಮ ಅಂದಳು. ಆ ವೇಗದಲ್ಲಿ 16 ಬಾರ್ ಅಂದರೆ ಸುಮಾರು 43 ಸೆಕೆಂಡು. ಆ ರಾತ್ರಿ ಮೊದಲ 16 ಬಾರ್ ಮುಗಿಸಿದೆ.

ರೆಕಾರ್ಡಿಂಗ್‌ನ ಕಷ್ಟ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹಂಚಿನ ಮನೆಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೌನ ಅಂದರೆ ಏನಂತಲೇ ಗೊತ್ತಿಲ್ಲ. ಮಳೆ ನಿಂತರೆ ಕಪ್ಪೆ, ಕಪ್ಪೆ ನಿಂತರೆ ಜೀರುಂಡೆ. ಅಮ್ಮ ತಮ್ಮ ಬೀಡಿ ಬೋನಸ್ಸಿನ ದುಡ್ಡು ಕೈಗೆ ಇಟ್ಟು, "ಒಳ್ಳೆ ಮೈಕ್ ತಗೊ ಮಗ, ಅಗ್ಗದ್ದು ಬೇಡ," ಅಂದಿದ್ದರು. ನಾನು ಎಲ್ಲರೂ ಹೇಳಿದ ಹಾಗೆ ಕಂಡೆನ್ಸರ್ ಮೈಕ್ ತಂದೆ. ಅದು ತುಂಬಾ ಸೂಕ್ಷ್ಮ. ನನ್ನ ದನಿಯ ಜೊತೆಗೆ ಹಿತ್ತಲಿನ ಬಾವಿ ರಾಟೆಯೂ ಬಂತು. ಅದನ್ನು ಮಾರಿ ಡೈನಾಮಿಕ್ ಮೈಕ್ ತೆಗೆದುಕೊಂಡೆ. ಸ್ಟೇಜಿನಲ್ಲಿ ಬಳಸುವಂಥದ್ದು. ಬಾಯಿ ಹತ್ತಿರ ಇಟ್ಟರೆ ದೂರದ ಸದ್ದು ಅಷ್ಟಾಗಿ ಹಿಡಿಯುವುದಿಲ್ಲ. ಹಂಚಿನ ಮನೆಯಲ್ಲಿ ಶುರು ಮಾಡುವ ಹುಡುಗರಿಗೆ ನಾನು ಈಗಲೂ ಇದನ್ನೇ ಹೇಳುತ್ತೇನೆ. ಕಪಾಟಿನ ಬಾಗಿಲು ತೆರೆದು, ಬಟ್ಟೆಗಳ ಕಡೆ ಮುಖ ಮಾಡಿ, ತಲೆ ಮೇಲೆ ಕಂಬಳಿ ಹೊದ್ದು ಹಾಡುವುದು. ಸೆಕೆಗೆ ಬೆವರು ಸುರಿಯುತ್ತದೆ, ಆದರೆ ಸದ್ದು ಶುದ್ಧವಾಗಿ ಬರುತ್ತದೆ.

ಕಂಪ್ಯೂಟರಿನಲ್ಲಿ ಹಾಡು ಕಟ್ಟುವ ಸಾಫ್ಟ್‌ವೇರ್ ಎಫ್ಎಲ್ ಸ್ಟುಡಿಯೊದ ಟ್ರಯಲ್ ಇಟ್ಟುಕೊಂಡಿದ್ದೆ. ಅದರಲ್ಲಿ ಪ್ರಾಜೆಕ್ಟ್ ಸೇವ್ ಆಗುತ್ತದೆ. ಆದರೆ ಲೈಸೆನ್ಸ್ ಕೊಳ್ಳದೆ ಅದನ್ನು ಮತ್ತೆ ತೆರೆಯಲು ಆಗುವುದಿಲ್ಲ. ಹಾಗಾಗಿ ಕೂತಲ್ಲೇ ಮುಗಿಸಿ ಆಡಿಯೊ ಹೊರಗೆ ತೆಗೆಯಬೇಕು. ಮಳೆ ನಿಂತ ರಾತ್ರಿ ಒಂದು ಗಂಟೆಗೆ ಶುರು ಮಾಡಿದರೆ ಬೆಳಗಾಗುವ ಮೊದಲು ಮುಗಿಯಬೇಕು. ಎಷ್ಟೋ ಹಾಡು ಹಾಗೆಯೇ ಹುಟ್ಟಿದವು.

2021ರಲ್ಲಿ ಮೊದಲ ಹಾಡು ಬಿಟ್ಟೆ. ಮಾತು ನನ್ನದು, ಬೀಟ್ ಮಾತ್ರ ಇಂಟರ್‌ನೆಟ್ಟಿನಲ್ಲಿ ಲೀಸಿಗೆ ತೆಗೆದುಕೊಂಡದ್ದು. ಅಗ್ಗದ ಲೀಸ್. ಅಂದರೆ ಅದೇ ಬೀಟನ್ನು ಇನ್ನೂ ಎಷ್ಟೋ ಮಂದಿಗೆ ಮಾರಿರುತ್ತಾರೆ. ನಾನು ಷರತ್ತುಗಳನ್ನು ಪೂರ್ತಿ ಓದಿರಲಿಲ್ಲ. ಯೂಟ್ಯೂಬಿನಲ್ಲಿ ಹಾಡು ಚೆನ್ನಾಗಿ ಓಡಿತು. 42 ಸಾವಿರ ಜನ ನೋಡಿದರು. ಆಗ ಈ ಹಾಡು ನಮ್ಮದು ಅಂತ ಬೇರೆಯವರ ಕ್ಲೈಮ್ ಬಂತು. ಅದೇ ಬೀಟ್ ಮೇಲೆ ಹಾಡಿದ್ದ ಯಾರೋ ಒಬ್ಬರು ತಮ್ಮ ಹಾಡನ್ನು ಕಂಟೆಂಟ್ ಐಡಿಗೆ, ಅಂದರೆ ಒಂದೇ ಥರದ ಸದ್ದನ್ನು ಹುಡುಕಿ ಹಿಡಿಯುವ ಯೂಟ್ಯೂಬಿನ ವ್ಯವಸ್ಥೆಗೆ ಸೇರಿಸಿದ್ದರು. ಮೆಷಿನ್ನಿಗೆ ಬೀಟ್ ಒಂದೇ ಅಂತ ಕಂಡಿತು, ನನ್ನ ಹಾಡು ಅವರ ಹೆಸರಿಗೆ ಹೋಯಿತು. ಆಕ್ಷೇಪ ಹಾಕಿದೆ. ಎದುರಿನವರಿಗೆ ಉತ್ತರ ಕೊಡಲು 30 ದಿನ ಇರುತ್ತದೆ. 29ನೇ ದಿನ ತಿರಸ್ಕಾರ ಬಂತು. ನನ್ನ ಅಪ್ಪನ ಬಸ್ಸು, ನನ್ನ ಅಮ್ಮನ ಕತ್ತರಿ ಇದ್ದ ಹಾಡು. ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ನಾನೇ ಅದನ್ನು ತೆಗೆದುಹಾಕಿದೆ.

ಇನ್ನು ಬೇರೆಯವರ ಬೀಟ್ ಬೇಡ ಅಂತ ಗಟ್ಟಿ ಮಾಡಿದೆ. ಹಾಗಾದರೆ ಸದ್ದು ಎಲ್ಲಿಂದ? ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಹಬ್ಬಕ್ಕೆ ರಥಬೀದಿಯಲ್ಲಿ ನಿಂತಿದ್ದೆ. ಹುಲಿವೇಷದ ತಂಡಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ತಾಸೆ ಎಂಬ ಚರ್ಮವಾದ್ಯದ ಪೆಟ್ಟು ಎದೆಯೊಳಗೆ ಬೀಳುತ್ತಿತ್ತು. ಇಡೀ ಕರಾವಳಿಯ ಕಾಲು ಈ ಸದ್ದಿಗೆ ತಾನಾಗಿ ಕುಣಿಯುತ್ತದೆ, ಇದಕ್ಕಿಂತ ದೊಡ್ಡ ಬೀಟ್ ಬೇಕಾ?

ಹಬ್ಬ ಕಳೆದ ಮೇಲೆ ಒಂದು ತಂಡದ ತಾಸೆಯವರನ್ನು ಹುಡುಕಿಕೊಂಡು ಹೋದೆ. ಹಿರಿಯರು. ಮೊದಲು, "ಮೊಬೈಲಲ್ಲಿ ಹಿಡ್ಕೊಂಡು ಹೋಗಿ ಮಾರಾಯ್ರೆ, ಅದಕ್ಕೆಂತ," ಅಂದರು. ನಾನು ಹಾಗೆ ಬೇಡ ಅಂದೆ. ದಿನದ ಸಂಬಳ ಕೊಟ್ಟೆ, ಎಷ್ಟು ಹಾಡಿಗೆ ಬಳಸುತ್ತೇನೆ, ಹೆಸರು ಎಲ್ಲಿ ಬರುತ್ತದೆ ಅಂತ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ನನಗೆ ಆದದ್ದು ಅವರಿಗೆ ನನ್ನಿಂದ ಆಗಬಾರದಿತ್ತು. ಗೇರು ತೋಟದ ನಡುವೆ ರೆಕಾರ್ಡ್ ಮಾಡಿದೆವು. ತಾಸೆಯ ಹತ್ತಿರ ಮೈಕ್ ಇಟ್ಟರೆ ಸದ್ದು ಒಡೆಯುತ್ತದೆ. ಹತ್ತು ಅಡಿ ದೂರ ಇಟ್ಟಾಗ ಸರಿ ಬಂತು. ಮನೆಗೆ ತಂದು ಒಂದೊಂದು ಪೆಟ್ಟನ್ನೂ ಬೇರೆ ಬೇರೆ ಕತ್ತರಿಸಿದೆ. ಡೋಲನ್ನು ಕಿಕ್, ಅಂದರೆ ಡ್ರಮ್ಸಿನ ದಪ್ಪ ಪೆಟ್ಟು ಮಾಡಿದೆ, ತಾಸೆಯ ಸಣ್ಣ ಪೆಟ್ಟುಗಳನ್ನು ಡ್ರಮ್ಸಿನ ತಾಳದ ತಟ್ಟೆಗಳಾದ ಹೈಹ್ಯಾಟ್ ಜಾಗದಲ್ಲಿ ಇಟ್ಟೆ. ಮೂರು ವಾರ ಬೇಕಾಯಿತು. ಆಮೇಲೆ ಬಿಟ್ಟ ಹಾಡುಗಳೆಲ್ಲ ಆ ಸದ್ದಿನ ಮೇಲೆ ನಿಂತಿವೆ.

2023ರಲ್ಲಿ ಒಂದು ಕಂಪನಿಯವರು ಕರೆದರು. 25 ಸಾವಿರ ರೂಪಾಯಿ, ಚಂದದ ವಿಡಿಯೊ, ಬದಲಿಗೆ ನಾಲ್ಕು ಹಾಡಿನ ಎಲ್ಲ ಹಕ್ಕೂ ಶಾಶ್ವತವಾಗಿ ಅವರದು. ಆಗ ನಾನು ಹಂಪನಕಟ್ಟೆಯ ಒಂದು ಮೊಬೈಲ್ ಅಂಗಡಿಯಲ್ಲಿ 12 ಸಾವಿರಕ್ಕೆ ಕೆಲಸ ಮಾಡುತ್ತಿದ್ದೆ. 25 ಸಾವಿರ ದೊಡ್ಡ ಮೊತ್ತ. ಕಾಗದ ಮನೆಗೆ ತಂದು ಅಪ್ಪನಿಗೆ ಓದಿ ಹೇಳಿದೆ. ಅವರು ಸುಮ್ನೆ ಕೇಳಿದರು.

"ನಾನು 26 ವರ್ಷ ಬಸ್ಸಲ್ಲಿ ಕೂಗಿದೆ ಮಗ. ಜನ ನನ್ನ ಮುಖ ನೋಡಿ ಹತ್ತುತ್ತಿದ್ರು. ಆದ್ರೆ ಪರ್ಮಿಟ್ ಯಾರ ಹೆಸರಲ್ಲಿ ಉಂಟೋ ಬಸ್ಸು ಅವರದ್ದು. ಲಾಕ್‌ಡೌನಿಗೆ ನನಗೆ ಎಂತ ಉಳಿಯಿತು? ನಿನ್ನ ಹಾಡಿನ ಪರ್ಮಿಟ್ ನಿನ್ನ ಹತ್ರವೇ ಇರ್ಲಿ."

ಸಹಿ ಹಾಕಲಿಲ್ಲ. ಅಪ್ಪ ಪರ್ಮಿಟ್ ಅಂದ ಹಾಡಿನ ಹಕ್ಕು ಕಾನೂನಿನಲ್ಲಿ ಎರಡು ಬಗೆ ಅಂತ ಆಮೇಲೆ ಕಲಿತೆ. ಬರೆದ ಮಾತು, ಕಟ್ಟಿದ ರಾಗ ಒಂದು. ರೆಕಾರ್ಡಿಂಗ್ ಇನ್ನೊಂದು. ಮಾತು ಬರೆದವರಿಗೆ ಮತ್ತು ಸಂಗೀತ ಕಟ್ಟಿದವರಿಗೆ ಬರುವ ರಾಯಲ್ಟಿ ಪಾಲನ್ನು ಕಂಪನಿಗಳು ಬರೆಸಿಕೊಳ್ಳಲು ಆಗದ ಹಾಗೆ 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದಿದೆ. ಆ ಪಾಲು ಸಂಗ್ರಹಿಸಿ ಕೊಡಲು ಐಪಿಆರ್‌ಎಸ್ ಸಂಸ್ಥೆ 1969ರಿಂದ ಇದೆ. ಆದರೆ ರೆಕಾರ್ಡಿಂಗಿನ ಹಕ್ಕು ಒಮ್ಮೆ ಮಾರಿದರೆ ಹೋಯಿತು. ಹಾಡು ಬರೆಯುವ ಹುಡುಗರು ಇಷ್ಟನ್ನಾದರೂ ಗೊತ್ತು ಮಾಡಿಕೊಳ್ಳಲೇಬೇಕು. ನನಗೆ ಯಾರೂ ಹೇಳಿರಲಿಲ್ಲ.

ಈಗ ಎಲ್ಲವನ್ನೂ ನಾನೇ ಮಾಡುತ್ತೇನೆ. ವರ್ಷಕ್ಕಿಷ್ಟು ಅಂತ ಕಟ್ಟಿದರೆ ಹಾಡನ್ನು ಎಲ್ಲ ಆ್ಯಪ್‌ಗಳಿಗೆ ಹಾಕಿಕೊಡುವ ವಿತರಕರಿದ್ದಾರೆ. ಪ್ರತಿ ರೆಕಾರ್ಡಿಂಗಿಗೆ 12 ಅಕ್ಷರ-ಅಂಕಿಗಳ ಐಎಸ್ಆರ್‌ಸಿ ಎಂಬ ಗುರುತಿನ ಕೋಡ್ ಸಿಗುತ್ತದೆ. ಸ್ಪಾಟಿಫೈ ಪ್ಲೇಲಿಸ್ಟ್‌ನವರ ಗಮನಕ್ಕೆ ತರಬೇಕಾದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲು ಹಾಡನ್ನು ಸಲ್ಲಿಸಿ ಅನ್ನುತ್ತಾರೆ. ನಾನು ಮೂರು ವಾರ ಮೊದಲೇ ಹಾಕುತ್ತೇನೆ. ನನ್ನ ವಿತರಕರ ಫಾರಂನಲ್ಲಿ ಭಾಷೆಯ ಪಟ್ಟಿಯಲ್ಲಿ ಕನ್ನಡ ಇತ್ತು, ತುಳು ಇರಲಿಲ್ಲ. ತುಳು ಹಾಡನ್ನು ಬೇರೆ ಭಾಷೆಯ ಹೆಸರಿನಲ್ಲಿ ಹಾಕಬೇಕಾಯಿತು. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಜಾಸ್ತಿ ಜನ ತಮ್ಮ ಮಾತು ತುಳು ಅಂತ ಬರೆಸಿದ್ದಾರೆ. ಆ ಪಟ್ಟಿ ನೋಡಿದಾಗ ನಿಜವಾಗಿ ನೋವಾಯಿತು.

ಸ್ಟ್ರೀಮಿಂಗ್‌ನಿಂದ ಮೊದಲ ವರ್ಷ ಬಂದದ್ದು 640 ರೂಪಾಯಿ. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದಿದ್ದರೆ ರಾಯಲ್ಟಿಯೇ ಇಲ್ಲ. ಹೊಟ್ಟೆ ತುಂಬುವುದು ಬೇರೆ ಕಡೆಯಿಂದ. ಮೊಸರು ಕುಡಿಕೆ, ಶಾರದೋತ್ಸವ, ಮೆಹೆಂದಿ ಕಾರ್ಯಕ್ರಮಗಳು. ರಾತ್ರಿ 10ಕ್ಕೆ ಮೈಕ್ ಬಂದ್ ಆಗಬೇಕು, ಹಾಗಾಗಿ ಭಾಷಣ ಉದ್ದವಾದರೆ ನನ್ನ ಹಾಡು ಗಿಡ್ಡ. ಅಂಗಡಿ ಉದ್ಘಾಟನೆಯ ಅನೌನ್ಸ್‌ಮೆಂಟ್‌ಗಳನ್ನು ಕನ್ನಡ, ತುಳು ಎರಡರಲ್ಲೂ ಪ್ರಾಸ ಹಾಕಿ ರೆಕಾರ್ಡ್ ಮಾಡಿಕೊಡುತ್ತೇನೆ. ಅದನ್ನೂ ಮನಸ್ಸಿಟ್ಟು ಮಾಡುತ್ತೇನೆ. ಕಳೆದ ವರ್ಷ ಮೊಬೈಲ್ ಅಂಗಡಿಯ ಕೆಲಸ ಬಿಟ್ಟೆ. ತಿಂಗಳಿಗೆ ಅಲ್ಲಿಗಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ, ಮಳೆಗಾಲದ ಮೂರು ತಿಂಗಳು ಬಿಟ್ಟು.

ಮುಂದಿನ ಹಾಡು ಅಪ್ಪನ ರೂಟಿನ ಬಗ್ಗೆ. ಕೂಳೂರಿನಿಂದ ಶುರು. ಹೋದ ವಾರ ಕಪಾಟಿನ ಮುಂದೆ ನಿಂತು ಅವರಿಗೆ ಹೇಳಿ ತೋರಿಸಿದೆ. ಕೂಳೂರು ಪಣಂಬೂರು ಒಂದು ಬಾರ್. ಬೈಕಂಪಾಡಿ ಕುಳಾಯಿ ಒಂದು ಬಾರ್. ಹೊಸಬೆಟ್ಟು ಸುರತ್ಕಲ್ ಇನ್ನೊಂದು. ಒಂದೊಂದರ ಕೊನೆಗೂ ಉಸಿರಿಗೆ ಧಾರಾಳ ಜಾಗ ಇಟ್ಟಿದ್ದೆ.

ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದವರು ಕಣ್ಣು ತೆರೆದರು. "ಹೊನ್ನಕಟ್ಟೆ ಎಲ್ಲಿ?"

"ಅದು ಬಿಟ್ಟುಹೋಯಿತು ಅಪ್ಪ."

"ಬಿಟ್ಟುಹೋಯಿತು ಅಂದ್ರೆ? ಅಲ್ಲಿ ಇಳಿಯುವವರು ಎಂತ ಮಾಡ್ಬೇಕು?"

ಕೂತು ಮಾತ್ರೆ ಎಣಿಸಿದೆ. ಹೊನ್ನಕಟ್ಟೆಗೆ ಆರು. ಹೊಸಬೆಟ್ಟಿಗೆ ಐದು, ಸುರತ್ಕಲ್ಲಿಗೆ ಐದು. ಒಟ್ಟು 16. ಬಾರ್ ಪೂರ್ತಿ ತುಂಬಿತು, ನಿಲ್ಲಲು ಒಂದು ಮಾತ್ರೆಯೂ ಉಳಿಯಲಿಲ್ಲ. ಅಪ್ಪ ಎದ್ದು ನಿಂತು, ಕಿಟಕಿಯ ಸರಳನ್ನು ಬಸ್ಸಿನ ಕಂಬಿಯ ಹಾಗೆ ಹಿಡಿದುಕೊಂಡು, ಒಮ್ಮೆ ಹೇಳಿ ತೋರಿಸಿದರು. ಆಮೇಲೆ ನಾನು ಹೇಳಿದೆ. ಏಳನೇ ಸಲಕ್ಕೆ ಸರಿ ಬಂತು. ಈಗ ಆ ಹಾಡಿನಲ್ಲಿ ನಾನು ಉಸಿರು ತೆಗೆಯುವುದು ಮುಕ್ಕದಲ್ಲಿ.